ವಸತಿ: 700, 0, 0

ದಾವಣಗೆರೆಯ ಮಂಡಿಪೇಟೆಯಲ್ಲಿ ಒಂದು ಅಂಗಡಿಗೆ ನಾನು ಲೆಕ್ಕ ಬರೆಯುತ್ತೇನೆ. ಹನ್ನೊಂದು ವರ್ಷ ಆಯಿತು. ಈ ಕೆಲಸದ ಅಭ್ಯಾಸ ಮನೆಗೂ ಬಂದಿದೆ. ಎಲ್ಲಿಗೆ ಹೋದರೂ ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇರುತ್ತದೆ, ಒಂದು ಟೀ ಕುಡಿದರೂ ಅದರಲ್ಲಿ ಬರೆಯುತ್ತೇನೆ. 2025ರ ಜನವರಿಯಲ್ಲಿ ನಾಲ್ಕು ದಿನ ಮುಂಬೈಗೆ ಹೋಗಿ ಬಂದೆ. ರೈಲಿನ ಖರ್ಚೂ ಸೇರಿ 3,260 ರೂಪಾಯಿ ಆಯಿತು. ಬಂದ ಮೇಲೆ ಸಿಕ್ಕವರಿಗೆಲ್ಲ ಈ ಸಂಖ್ಯೆ ಹೇಳಿದೆ. ಅಂಥ ದುಬಾರಿ ಊರನ್ನು ಇಷ್ಟು ಕಡಿಮೆ ದುಡ್ಡಲ್ಲಿ ನೋಡಿ ಬಂದೆ ಅಂತ ನಿಜಕ್ಕೂ ಖುಷಿ ಇತ್ತು. ಟೀ ಅಂಗಡಿಯಲ್ಲಿ ಇಬ್ಬರು ಗೆಳೆಯರು ಆ ಪುಟದ ಫೋಟೊ ತೆಗೆದುಕೊಂಡರು, ತಾವೂ ಹೋಗೋಣ ಅಂತ. ಅವರು ಫೋಟೊ ತೆಗೆಯುವಾಗ ನಾನು ಪುಟ ಬಿಡಿಸಿ ಹಿಡಿದುಕೊಂಡಿದ್ದೆ. ಆಗ ಒಂದು ಸಾಲಿನ ಮೇಲೆ ಕಣ್ಣು ನಿಂತಿತು. "ವಸತಿ: 700, 0, 0."

ಮೂರು ರಾತ್ರಿಯ ಲೆಕ್ಕ ಅದು. ಮೊದಲ ರಾತ್ರಿ ಡಾರ್ಮಿಟರಿ. ಉಳಿದ ಎರಡು ರಾತ್ರಿ ದೊಡ್ಡಮ್ಮನ ಮಗಳು, ನನ್ನ ಅಕ್ಕನ ಮನೆ. ಲೆಕ್ಕ ಬರೆಯುವವರಿಗೆ ಗೊತ್ತಿರುತ್ತದೆ, ಒಂದು ಖಾತೆಗೆ ಏನಾದರೂ ಬಂದಿದೆ ಅಂದರೆ ಇನ್ನೊಂದು ಖಾತೆಯಿಂದ ಅದು ಹೋಗಿರಲೇಬೇಕು. ಹೋದದ್ದು ಪುಸ್ತಕದಲ್ಲಿ ಕಾಣದಿದ್ದರೆ ಬರೆದವನು ಬಿಟ್ಟಿದ್ದಾನೆ ಅಂತಲೇ ಅರ್ಥ. ಎರಡು ರಾತ್ರಿ ನಾನು ಮಲಗಿ ಎದ್ದಿದ್ದೇನೆ, ಅದೂ ಮುಂಬೈಯಲ್ಲಿ. ಅದು ಯಾರ ಖಾತೆಯಿಂದ ಹೋಯಿತು ಅಂತ ನನಗೆ ಗೊತ್ತು. ಗೊತ್ತಿದ್ದೂ ಸೊನ್ನೆ ಬರೆದಿದ್ದೆ.

ಯಾಕೆ ಮುಂಬೈ

ನಮ್ಮ ಕಡೆಯವರಿಗೆ ನೀರು ಅಂದರೆ ಭದ್ರಾ ಕಾಲುವೆ, ಕುಂದವಾಡ ಕೆರೆ, ಹರಿಹರದ ಹೊಳೆ. ಜಾಸ್ತಿ ಅಂದರೆ ಚನ್ನಗಿರಿ ಕಡೆಯ ಸೂಳೆಕೆರೆ. ಅದನ್ನೇ ಚಿಕ್ಕಂದಿನಲ್ಲಿ ಸಮುದ್ರ ಅಂದುಕೊಂಡಿದ್ದೆ, ಶಾಂತಿ ಸಾಗರ ಅಂತ ಹೆಸರೂ ಇದೆಯಲ್ಲ. ನಿಜವಾದ ಸಮುದ್ರ ನೋಡಿದ್ದು ಶಾಲೆಯ ಟೂರಿನಲ್ಲಿ, ಮುರ್ಡೇಶ್ವರದಲ್ಲಿ. ಸಮುದ್ರವೇ ಬೇಕಿದ್ದರೆ ಈಗಲೂ ಆ ಕಡೆ ಹೋಗಬಹುದಿತ್ತು. ಆಗುಂಬೆ ಘಾಟಿ ಇಳಿದರೆ ಮುಗೀತು. ಆದರೆ ನನಗೆ ಬೇಕಿದ್ದದ್ದು ಮುಂಬೈ.

ಅದಕ್ಕೆ ಕಾರಣ ಅಪ್ಪ. ಅಪ್ಪ ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ನೂಲು ತೆಗೆಯುವ ಕಡೆ ಇದ್ದರು. ಆ ಕಾಲಕ್ಕೆ ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಅಪ್ಪನ ಬಾಯಲ್ಲಿ ಮಾತ್ರ ಮ್ಯಾಂಚೆಸ್ಟರ್ ಬರುತ್ತಿರಲಿಲ್ಲ, ಬೊಂಬಾಯಿ ಬರುತ್ತಿತ್ತು. ಅಲ್ಲಿ ಇಂಥ ಗಿರಣಿ ಎಷ್ಟಿದ್ದಾವೆ ಗೊತ್ತಾ, ಶಿಫ್ಟು ಬಿಟ್ಟರೆ ರಸ್ತೆ ತುಂಬ ಜನ ಅಂತ ಹೇಳುತ್ತಿದ್ದರು. ಅವರು ಒಮ್ಮೆಯೂ ಹೋದವರಲ್ಲ. 1982ರ ಜನವರಿ 18ರಂದು ಅಲ್ಲಿ ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಶುರುವಾದ ಗಿರಣಿ ಮುಷ್ಕರದಲ್ಲಿ ಎರಡೂವರೆ ಲಕ್ಷದಷ್ಟು ಕಾರ್ಮಿಕರು ಇದ್ದರು. ಅದು ಮುಗಿಯಿತು ಅಂತ ಯಾರೂ ಹೇಳಲೇ ಇಲ್ಲ, ಹಾಗೇ ಕರಗಿತು. ಎಷ್ಟೋ ಗಿರಣಿಗಳು ಮತ್ತೆ ಬಾಗಿಲು ತೆರೆಯಲಿಲ್ಲ. ಆಮೇಲೆ ನಮ್ಮೂರಲ್ಲೂ ಒಂದೊಂದಾಗಿ ಮುಚ್ಚಿದವು. ಬೊಂಬಾಯಿಯಂಥ ಬೊಂಬಾಯಿಯಲ್ಲೇ ಹಿಂಗಾದರೆ ನಮ್ಮದೇನು ಅಂತ ಅಪ್ಪ ಸುಮ್ಮನಾದರು. ಅಪ್ಪ ಈಗ ಇಲ್ಲ. ಆ ಊರನ್ನು ಒಂದು ಸಲ ನೋಡಬೇಕು ಅನ್ನೋದು ಅವರಿಂದ ನನಗೆ ಬಂದ ಆಸೆ.

ನನ್ನ ಸಂಬಳದಲ್ಲಿ ಮುಂಬೈಗೆ ಹೋಗಿ ಹೋಟೆಲಿನಲ್ಲಿ ಇರೋದು ಆಗದ ಮಾತು. ಹಾಗಾಗಿ ಬೆನ್ನಿಗೆ ಒಂದು ಬ್ಯಾಗು. ಅದರಲ್ಲಿ ಎರಡು ಜೊತೆ ಬಟ್ಟೆ, ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಎರಡು ದೊಡ್ಡ ಪೊಟ್ಟಣ ಒಗ್ಗರಣೆ ಮಂಡಕ್ಕಿ. ಕಡಿಮೆ ದುಡ್ಡಲ್ಲಿ ತಿರುಗುವವರಿಗೆ ಮಂಡಕ್ಕಿಯಷ್ಟು ಒಳ್ಳೆಯ ಬುತ್ತಿ ಇನ್ನೊಂದಿಲ್ಲ. ತೂಕ ಇಲ್ಲ, ಕೆಡುವುದಿಲ್ಲ, ನೀರು ಕುಡಿದರೆ ಹೊಟ್ಟೆಯೂ ತುಂಬುತ್ತದೆ. ಮೈಸೂರಿನಿಂದ ಬರುವ ದಾದರ್ ರೈಲಿನಲ್ಲಿ ಸ್ಲೀಪರ್ ಟಿಕೆಟ್ ಮಾಡಿಸಿದ್ದೆ.

ನೋಡೋದು ಪುಕ್ಕಟೆ

ಮೊದಲ ದಿನವೇ ಒಂದು ವಿಷಯ ತಿಳಿಯಿತು. ಮುಂಬೈ ನೋಡೋಕೆ ದುಡ್ಡು ಬೇಡ. ದಾದರಿನಲ್ಲಿ ಬೆಳಗಿನ ಜಾವ ಇಳಿದು, 5 ರೂಪಾಯಿಯ ಲೋಕಲ್ ಟಿಕೆಟ್ ತೆಗೆದುಕೊಂಡು ಸಿಎಸ್‌ಎಂಟಿಗೆ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ಗೆ ಬಂದೆ. ಈ ನಿಲ್ದಾಣ 2004ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದೆ. ಹತ್ತು ವರ್ಷ ಕಟ್ಟಿ 1888ರಲ್ಲಿ ಮುಗಿಸಿದ ಕಟ್ಟಡ. ಗೋಡೆ ಮೇಲೆ ಕಲ್ಲಿನ ನವಿಲು, ಮಂಗ, ಎಲೆ, ಹೂವು. ಅದರ ಕೆಳಗೆ ಜನ ತಲೆ ಎತ್ತದೆ ಓಡುತ್ತಿದ್ದರು. ನಾನು ರಸ್ತೆ ದಾಟಿ ಎದುರುಗಡೆ ಅರ್ಧ ಗಂಟೆ ನಿಂತು ನೋಡಿದೆ. ಯಾರೂ ಏನೂ ಕೇಳಲಿಲ್ಲ. ಅಲ್ಲಿಂದ ನಡೆಯುತ್ತಾ ಫ್ಲೋರಾ ಫೌಂಟನ್, ಕಾಲಾ ಘೋಡಾ, ಗೇಟ್‌ವೇ. ಓವಲ್ ಮೈದಾನದಲ್ಲಿ ಹತ್ತಾರು ತಂಡಗಳು ಒಟ್ಟಿಗೇ ಕ್ರಿಕೆಟ್ ಆಡುತ್ತಿದ್ದವು, ಒಂದರ ಫೀಲ್ಡರ್ ಇನ್ನೊಂದರ ಪಿಚ್ಚಿನ ಪಕ್ಕ ನಿಂತಿದ್ದ. ಆ ಮೈದಾನದ ಒಂದು ಬದಿಗೆ ಹಳೇ ಗೋಪುರದ ಕಟ್ಟಡಗಳು, ಇನ್ನೊಂದು ಬದಿಗೆ ದುಂಡು ಮೂಲೆಯ ಆರ್ಟ್ ಡೆಕೊ ಮನೆಗಳು. ಈ ಎರಡೂ ಸೇರಿ 2018ರಲ್ಲಿ ಅದೇ ಯುನೆಸ್ಕೊ ಪಟ್ಟಿಗೆ ಸೇರಿದವು. ಇದೆಲ್ಲಕ್ಕೂ ನನ್ನ ನೋಟ್‌ಬುಕ್ಕಿನಲ್ಲಿ ಒಂದು ಪೈಸೆ ಇಲ್ಲ.

ದುಡ್ಡು ಎಲ್ಲಿ ಬೇಕು ಅಂದರೆ ದೇಹವನ್ನು ಒಂದು ಕಡೆ ಇಡೋಕೆ. ಹನ್ನೆರಡು ಗಂಟೆಗೆ ಬಿಸಿಲು ಏರಿದಾಗ ಕಾಲು ನೋಯುತ್ತಿತ್ತು. ನೆರಳಿರುವ, ಬೆನ್ನು ಆನಿಸಬಹುದಾದ ಜಾಗ ಹುಡುಕಿದರೆ ಅದು ಯಾವುದಾದರೂ ಹೋಟೆಲಿನ ಒಳಗೇ ಇರುತ್ತದೆ. ಒಳಗೆ ಹೋದರೆ ಏನಾದರೂ ತೆಗೆದುಕೊಳ್ಳಬೇಕು. ಬ್ಯಾಗು ಇಡೋಕೆ ದುಡ್ಡು, ಮೂತ್ರಕ್ಕೆ ಹೋಗೋಕೆ ದುಡ್ಡು, ಫೋನ್ ಚಾರ್ಜ್ ಮಾಡೋಕೆ ಒಂದು ಕಾಫಿಯ ದುಡ್ಡು. ದಾವಣಗೆರೆಯಲ್ಲಿ ಯಾರದೋ ಅಂಗಡಿ ಮುಂದಿನ ಕಟ್ಟೆ ಮೇಲೆ ಗಂಟೆಗಟ್ಟಲೆ ಕೂತರೂ "ಯಾಕೆ ಕೂತೀದಿ" ಅಂತ ಕೇಳುವವರಿಲ್ಲ, ಕೇಳಿದರೂ ಟೀ ಬೇಕಾ ಅಂತ ಕೇಳಿಯಾರು. ಇಲ್ಲಿ ಕಟ್ಟೆಗಳೇ ಕಡಿಮೆ. ಕೊನೆಗೆ ಏಷಿಯಾಟಿಕ್ ಲೈಬ್ರರಿಯ ಎತ್ತರದ ಮೆಟ್ಟಿಲ ಮೇಲೆ, ಕಂಬದ ನೆರಳಿನಲ್ಲಿ ಕೂತು ರೊಟ್ಟಿ ತಿಂದೆ. ನನ್ನ ಹಾಗೆ ಇನ್ನೂ ಹತ್ತು ಹದಿನೈದು ಜನ ಇದ್ದರು. ಅವರಲ್ಲಿ ಒಬ್ಬ ಕೊರಿಯರ್ ಹುಡುಗ ಶೂ ಬಿಚ್ಚಿ ಪಾದ ಒತ್ತಿಕೊಳ್ಳುತ್ತಿದ್ದ.

ಓಡಾಟ ಮಾತ್ರ ನಿಜಕ್ಕೂ ಅಗ್ಗ. ಎರಡನೇ ದರ್ಜೆಯ ಲೋಕಲ್ 5 ರೂಪಾಯಿಯಿಂದ ಶುರು. ಆ ಊರಿನ ಸಿಟಿ ಬಸ್ಸೂ (ಬೆಸ್ಟ್ ಅಂತಾರೆ) ನಾನು ಹೋದಾಗ 5 ರೂಪಾಯಿ ಇತ್ತು. ಆಮೇಲೆ ಮೇ ತಿಂಗಳಲ್ಲಿ ಅದನ್ನು 10 ಮಾಡಿದರು, ಎಸಿ ಬಸ್ಸಿಗೆ 6 ಇದ್ದದ್ದು 12. ನನ್ನಂಥವನಿಗೆ ನಾಲ್ಕು ದಿನಕ್ಕೆ ಇದು ದೊಡ್ಡದಲ್ಲ. ದಿನಾ ಎರಡು ಬಸ್ ಹತ್ತಿ ಇಳಿಯುವವರಿಗೆ ತಿಂಗಳ ಕೊನೆಯಲ್ಲಿ ಗೊತ್ತಾಗುತ್ತದೆ. ಅಕ್ಕ ಫೋನಿನಲ್ಲಿ ಅದನ್ನು ಹೇಳಿದ್ದಳು, "ಈಗ ಹೋಗುವಾಗ ನಡಕೊಂಡು ಹೊಕ್ಕೀನಿ, ಬರುವಾಗಷ್ಟೇ ಬಸ್ಸು."

ಮರೀನ್ ಡ್ರೈವಿನಲ್ಲಿ ಮಂಡಕ್ಕಿ

ಸಂಜೆ ಐದಕ್ಕೆ ಮರೀನ್ ಡ್ರೈವಿಗೆ ಬಂದೆ. ಮೂರೂವರೆ ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ ಉದ್ದದ, ಬಿಲ್ಲಿನ ಹಾಗೆ ಬಾಗಿದ ದಂಡೆ. ಸಮುದ್ರಕ್ಕೆ ಮಣ್ಣು ತುಂಬಿ ಮಾಡಿದ ನೆಲ ಅದು. ಅಲೆಯ ಹೊಡೆತ ತಡೆಯಲು ನಾಲ್ಕು ಕಾಲಿನ ದೊಡ್ಡ ಕಾಂಕ್ರೀಟ್ ಗುಂಡುಗಳನ್ನು ಒಂದರ ಮೇಲೆ ಒಂದು ಹಾಕಿದ್ದಾರೆ. ಅದರ ಹಿಂದೆ ಉದ್ದಕ್ಕೂ ಅಗಲವಾದ ಕಟ್ಟೆ. ಬೆಳಿಗ್ಗೆಯಿಂದ ನಾನು ಹುಡುಕುತ್ತಿದ್ದ ಕಟ್ಟೆ ಇಲ್ಲಿತ್ತು! ಯಾರು ಬೇಕಾದರೂ ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಬ್ಯಾಗು ಪಕ್ಕಕ್ಕಿಟ್ಟು, ಚಪ್ಪಲಿ ಬಿಟ್ಟು, ಕಾಲು ಇಳಿಬಿಟ್ಟು ಕೂತೆ.

ಮಂಡಕ್ಕಿ ಪೊಟ್ಟಣ ಬಿಚ್ಚಿದೆ. ಪಕ್ಕದಲ್ಲಿ ಒಬ್ಬ ಮುದುಕ, ಜೊತೆಗೆ ಮೊಮ್ಮಗ ಇರಬೇಕು. ಹುಡುಗ ಪೊಟ್ಟಣವನ್ನೇ ನೋಡುತ್ತಿದ್ದ. ಕೊಟ್ಟೆ. "ಕುರ್ಮುರಾ!" ಅಂದ. ಮುದುಕನೂ ಒಂದು ಹಿಡಿ ತೆಗೆದುಕೊಂಡು, ಇದರಲ್ಲಿ ಏನು ಹಾಕಿದ್ದೀರಿ, ನಮ್ಮ ಕಡೆಯದಕ್ಕಿಂತ ಖಾರ ಇದೆ ಅಂತ ಹಿಂದಿಯಲ್ಲಿ ಕೇಳಿದರು. ಹುರಿಗಡಲೆ ಪುಡಿ, ಒಣಮೆಣಸು, ಬೆಳ್ಳುಳ್ಳಿ ಅಂತ ನನಗೆ ಬರುವ ಹಿಂದಿಯಲ್ಲಿ ಹೇಳಿದೆ. ನಮ್ಮೂರಲ್ಲಿ ಮಂಡಕ್ಕಿ ಭಟ್ಟಿಗಳದ್ದೇ ಒಂದು ಏರಿಯಾ ಇದೆ, ಅಲ್ಲಿ ಭತ್ತದ ಹೊಟ್ಟಿನ ಹೊಗೆಯಲ್ಲಿ ಇಡೀ ದಿನ ಅಕ್ಕಿ ಹುರಿಯುತ್ತಾರೆ ಅಂತಲೂ ಹೇಳಿದೆ. ಅವರು ಎಲ್ಲಿಯ ಊರು ಅಂತ ಕೇಳಿದರು. ದಾವಣಗೆರೆ ಅಂದರೆ ತಿಳಿಯಲಿಲ್ಲ. ಹುಬ್ಬಳ್ಳಿ ದಾಟಿ ಬೆಂಗಳೂರು ದಾರಿಯಲ್ಲಿ ಅಂದೆ. "ಕಾಟನ್?" ಅಂದರು. ಹೌದು, ಕಾಟನ್ ಅಂದೆ. ಅವರು ಪರೇಲಿನಲ್ಲಿ ಗಿರಣಿ ಕೆಲಸಕ್ಕಿದ್ದವರು. ಮರಾಠಿಯಲ್ಲೂ ಅದು ಗಿರಣಿಯೇ. ಅವರಿದ್ದ ಬಡಾವಣೆಗಳಿಗೆ ಗಿರಣಗಾಂವ್ ಅಂತಲೇ ಹೆಸರು, ಗಿರಣಿಗಳ ಹಳ್ಳಿ. ಜಾಸ್ತಿ ಮಾತಾಡಲಿಲ್ಲ ಇಬ್ಬರೂ. ಅಪ್ಪನಿಗೆ ಇದನ್ನು ಹೇಳಬೇಕಿತ್ತು ಅಂತ ಅನಿಸಿ ಗಂಟಲು ಕಟ್ಟಿತು.

ಸೂರ್ಯ ಮುಳುಗಿದ. ಒಂದೊಂದೇ ದೀಪ ಹತ್ತಿಕೊಂಡು ದಂಡೆ ಪೂರ್ತಿ ಸರದ ಹಾಗೆ ಕಂಡಿತು. ಎದುರುಗಡೆ ಮಲಬಾರ್ ಹಿಲ್, ದೇಶದ ಅತಿ ದುಬಾರಿ ಮನೆಗಳಿರುವ ಗುಡ್ಡ. ಆ ಕಿಟಕಿಗಳಿಂದಲೂ ಇದೇ ಸಮುದ್ರ, ಇದೇ ದೀಪ ಕಾಣುತ್ತವೆ. ನನಗೆ ಆಗ ತುಂಬ ಸಮಾಧಾನ ಆಯಿತು. ಈ ಊರನ್ನು ಗೆದ್ದೆ ಅನ್ನುವ ಹಾಗೆ ಅನಿಸಿತು. ಒಂಬತ್ತು ಗಂಟೆಯವರೆಗೆ ಹಾಗೇ ಕೂತಿದ್ದೆ.

ಆ ರಾತ್ರಿ ಫೋರ್ಟ್ ಕಡೆ ಒಂದು ಡಾರ್ಮಿಟರಿ. ಫೋನಿನಲ್ಲಿ 550 ಅಂದಿದ್ದರು, ಹೋದ ಮೇಲೆ ಲಾಕರಿಗೆ, ಹೊದಿಕೆಗೆ ಬೇರೆ ಅಂತ 700 ಆಯಿತು. ಬಾಗಿಲ ಪಕ್ಕದ ಮೇಲಿನ ಹಾಸಿಗೆ. ರಾತ್ರಿಯಿಡೀ ಯಾರೋ ಬರುತ್ತಿದ್ದರು, ಹೋಗುತ್ತಿದ್ದರು. ನಿದ್ದೆ ಬರಲಿಲ್ಲ. ಹನ್ನೊಂದಕ್ಕೆ ಅಕ್ಕನ ಫೋನು ಬಂತು. ನಾನು ಬಂದಿರೋದು ಅವಳಿಗೆ ದೊಡ್ಡಮ್ಮ ಹೇಳಿದ್ದರು. "ಲಾಡ್ಜಿಗೆ ಯಾಕ್ ರೊಕ್ಕ ಸುರೀತಿ ತಮ್ಮಾ? ಮನಿ ಇಲ್ಲೇನು ನಮ್ದು?" ಅಂದಳು. ದನಿಯಲ್ಲಿ ಸಿಟ್ಟಿತ್ತು. ನಾಳೆ ಬರ್ತೀನಿ ಅಕ್ಕ ಅಂದೆ. ಮನಸ್ಸಿನಲ್ಲಿ 1,400 ಉಳಿಯಿತು ಅಂತ ಲೆಕ್ಕ ಹಾಕಿದೆ. ಅದನ್ನು ಮುಚ್ಚಿಡುವುದು ಬೇಡ.

ಹತ್ತಡಿ ಖೋಲಿ

ಎರಡನೇ ದಿನ ಬೆಳಿಗ್ಗೆ ಬಾಣಗಂಗಾ ಹೊಂಡ ನೋಡಿದೆ. ಮಲಬಾರ್ ಹಿಲ್ ಬದಿಗೆ, ಸಮುದ್ರದಿಂದ ಕೂಗಳತೆ ದೂರದಲ್ಲಿ ಸಿಹಿ ನೀರಿನ ಹೊಂಡ. ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು, ಸುತ್ತ ಗುಡಿಗಳು, ಬಾತುಕೋಳಿ. ಚಿತ್ರದುರ್ಗದ ಕೋಟೆಯ ಅಕ್ಕ ತಂಗಿಯರ ಹೊಂಡದ ಮುಂದೆ ಕೂತ ಹಾಗೇ ಇತ್ತು. ಅಲ್ಲಿಂದ ಲಾಲ್‌ಬಾಗ್, ಪರೇಲ್ ಕಡೆ ನಡೆದೆ. ಅಪ್ಪ ಹೇಳಿದ ಗಿರಣಿಗಳ ಚಿಮಣಿ ಅಲ್ಲೊಂದು ಇಲ್ಲೊಂದು ಉಳಿದಿವೆ. ಲೋವರ್ ಪರೇಲಿನ ಫೀನಿಕ್ಸ್ ಗಿರಣಿ ಈಗ ಮಾಲ್. ಚಿಮಣಿ ಹಾಗೇ ಇದೆ, ಕೆಳಗೆ ಬಟ್ಟೆ ಅಂಗಡಿಗಳಿವೆ. ಬಟ್ಟೆ ನೇಯುತ್ತಿದ್ದ ಜಾಗದಲ್ಲಿ ಈಗ ಬಟ್ಟೆ ಮಾರುತ್ತಾರೆ. ಒಳಗೆ ಹೋಗಿ ಒಂದು ಸುತ್ತು ಬಂದೆ. ಒಂದು ಅಂಗಿಯ ಬೆಲೆಚೀಟಿ ನೋಡಿ ಹಾಗೇ ಬಿಟ್ಟೆ.

ಅಕ್ಕನ ಮನೆ ಆ ಕಡೆಯದೇ ಒಂದು ಚಾಳಿನ ಎರಡನೇ ಮಹಡಿ. ಉದ್ದಕ್ಕೂ ಒಂದು ಗ್ಯಾಲರಿ, ಗ್ಯಾಲರಿಗೆ ಬಾಗಿಲು ತೆರೆಯುವ ಖೋಲಿಗಳು, ಕೊನೆಯಲ್ಲಿ ಎಲ್ಲರಿಗೂ ಸೇರಿ ಪಾಯಿಖಾನೆ. ಖೋಲಿ ಹತ್ತಡಿ ಹತ್ತಡಿ ಇರಬಹುದು. ಅದರಲ್ಲೇ ಅಡುಗೆ ಕಟ್ಟೆ, ಬಚ್ಚಲು, ಒಂದು ಮಂಚ, ಟೀವಿ, ದೇವರು. ಅಕ್ಕ, ಭಾವ, ಮೂರನೇ ಕ್ಲಾಸಿನ ಮಗಳು. ಮೂರು ಜನಕ್ಕೆ ಅಳತೆ ಮಾಡಿ ಇಟ್ಟ ಹಾಗಿತ್ತು. ಭಾವ ಕಾರ್ ಡ್ರೈವರ್. ಅಕ್ಕ ಹತ್ತಿರದ ದೊಡ್ಡ ಕಟ್ಟಡದಲ್ಲಿ ಎರಡು ಮನೆಗೆ ಅಡುಗೆಗೆ ಹೋಗುತ್ತಾಳೆ. ಅದೂ ಒಂದು ಹಳೇ ಗಿರಣಿಯ ಜಾಗವೇ. ಅಕ್ಕ ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿದ್ದಳು. ಜೋಳದ ಹಿಟ್ಟು ದಾದರಿನಲ್ಲಿ ಸಿಗುತ್ತಂತೆ, ಆದರೆ ಊರಿನ ರುಚಿ ಇಲ್ಲ ಅಂದಳು. ಉಳಿದ ಮಂಡಕ್ಕಿ ಪೊಟ್ಟಣ ಕೊಟ್ಟಾಗ ಅದನ್ನು ಮೂಗಿಗೆ ಹಿಡಿದು ಸುಮ್ಮನೆ ನಿಂತಳು.

ಊಟ ಆದ ಮೇಲೆ ಮಂಚದ ಮೇಲೆ ನನಗೆ ಹಾಸಿದರು. ಅಕ್ಕ, ಮಗಳು ಕೆಳಗೆ. ಭಾವ ಎಲ್ಲಿ ಅಂದೆ. "ನಂದು ನೈಟ್ ಡ್ಯೂಟಿ ಐತಿ, ನೀವು ಆರಾಮ ಮಲ್ಕೊಳ್ರಿ" ಅಂತ ಭಾವ ಸ್ವೆಟರ್ ಹಾಕಿಕೊಂಡು, ಕೈಚೀಲ ಹಿಡಿದು ಹತ್ತೂವರೆಗೆ ಹೊರಟರು. ಹಿಂದಿನ ರಾತ್ರಿ ನಿದ್ದೆಗೆಟ್ಟಿದ್ದ ನನಗೆ ಮಂಚಕ್ಕೆ ಮೈ ತಾಗಿದ್ದೇ ಗೊತ್ತು.

ಬೆಳಗಿನ ಜಾವ ನಾಲ್ಕೂವರೆಗೆ ಎಚ್ಚರ ಆಯಿತು. ಆ ಹೊತ್ತಿಗೆ ಅಲ್ಲಿ ನೀರು ಬರುತ್ತದೆ, ಗ್ಯಾಲರಿಯಲ್ಲಿ ಕೊಡ ಡ್ರಮ್ಮುಗಳ ಸದ್ದು. ಪಾಯಿಖಾನೆಗೆ ಹೋಗೋಣ ಅಂತ ಮೆಲ್ಲಗೆ ಬಾಗಿಲು ತೆಗೆದು ಹೊರಗೆ ಬಂದೆ. ಮೆಟ್ಟಿಲ ಹತ್ತಿರ, ನೀಲಿ ಡ್ರಮ್ಮುಗಳ ಸಾಲಿನ ಪಕ್ಕ, ಗೋಡೆಗೆ ಮುಖ ಮಾಡಿ ಒಬ್ಬರು ಮಲಗಿದ್ದರು. ತಲೆಯ ಕೆಳಗೆ ಕೈಚೀಲ. ಸ್ವೆಟರ್ ನೋಡಿದ ತಕ್ಷಣ ಗುರುತು ಸಿಕ್ಕಿತು. ಅವರ ನೆತ್ತಿಯ ಮೇಲೆ ಒಂದು ಬಲ್ಬು ಉರಿಯುತ್ತಿತ್ತು. ಕಣ್ಣಿಗೆ ಬೆಳಕು ಬೀಳದ ಹಾಗೆ ಕರ್ಚೀಫು ಹಾಕಿಕೊಂಡಿದ್ದರು. ನೀರು ತುಂಬುವ ಒಬ್ಬ ಹೆಂಗಸು ಅವರ ಕಾಲು ತುಳಿಯದ ಹಾಗೆ ಕೊಡ ಎತ್ತಿಕೊಂಡು ದಾಟಿದಳು. ನಾನು ಅಲ್ಲೇ ನಿಂತೆ. ಎಬ್ಬಿಸಿ ಒಳಗೆ ಬನ್ನಿ ಭಾವ ಅನ್ನಬೇಕು ಅನಿಸಿತು. ಎಬ್ಬಿಸಿದರೆ ಅವರ ಮುಖ ಹೇಗೆ ನೋಡೋದು, ಅವರು ನನ್ನ ಮುಖ ಹೇಗೆ ನೋಡುತ್ತಾರೆ ಅಂತಲೂ ಅನಿಸಿತು. ಪಾಯಿಖಾನೆಗೂ ಹೋಗದೆ ಒಳಗೆ ಬಂದು ಮಂಚದ ಮೇಲೆ ಕಣ್ಣು ಮುಚ್ಚಿಕೊಂಡೆ. ಆರು ಗಂಟೆಗೆ ಭಾವ ಡ್ಯೂಟಿ ಮುಗಿಸಿದವರ ಹಾಗೆ ಒಳಗೆ ಬಂದರು. ಒಟ್ಟಿಗೇ ಟೀ ಕುಡಿದೆವು. ರಾತ್ರಿ ಟ್ರಾಫಿಕ್ ಕಡಿಮೆ ಇರುತ್ತದೆ, ಓಡಿಸೋಕೆ ಚೆನ್ನ ಅಂತ ಹೇಳಿದರು. ನಾನು ಹೂಂ ಅಂದೆ. ಅಕ್ಕ ಒಲೆ ಕಡೆ ತಿರುಗಿಕೊಂಡೇ ಇದ್ದಳು.

ಎರಡನೇ ಸೊನ್ನೆ

ಮೂರನೇ ದಿನ ಎಲಿಫೆಂಟಾಗೆ ಹೋದೆ. ಮೊದಲೇ ಅಂದುಕೊಂಡದ್ದು, ಸೋಮವಾರ ರಜೆ ಅಂತ ದಿನ ನೋಡಿಯೇ ಟಿಕೆಟ್ ಮಾಡಿಸಿದ್ದೆ. ಗೇಟ್‌ವೇಯಿಂದ ದೋಣಿಯಲ್ಲಿ ಒಂದು ಗಂಟೆ. ದೋಣಿ, ಗುಹೆ ಎಲ್ಲ ಸೇರಿ 300 ರೂಪಾಯಿ, ಇಡೀ ಪ್ರವಾಸದಲ್ಲಿ ನೋಡೋಕೆ ಅಂತ ನಾನು ಕೊಟ್ಟ ದುಡ್ಡು ಅದೊಂದೇ. ಕತ್ತಲ ಗುಹೆಯೊಳಗೆ ಮೂರು ಮುಖದ ಶಿವ. ಇಪ್ಪತ್ತಡಿ ಹತ್ತಿರ ಎತ್ತರ ಇರಬೇಕು. ನಡುವಿನ ಮುಖ ಕಣ್ಣು ಮುಚ್ಚಿಕೊಂಡು ಎಷ್ಟು ಶಾಂತವಾಗಿದೆ ಅಂದರೆ, ಮುಂದೆ ನಿಂತವರು ತಾವಾಗೇ ದನಿ ಇಳಿಸುತ್ತಾರೆ. ನನಗೆ ಮಾತ್ರ ಕಣ್ಣಿನ ಮೇಲೆ ಕರ್ಚೀಫು ಹಾಕಿಕೊಂಡ ಇನ್ನೊಂದು ಮುಖ ನೆನಪಾಗುತ್ತಿತ್ತು.

ಹಿಂದೆ ಬರುವಾಗ ದೋಣಿಯ ಮೇಲಿನ ಅಂತಸ್ತಿನಲ್ಲಿ ಕೂತು ಯೋಚಿಸಿದೆ. ಈ ರಾತ್ರಿ ಏನು ಮಾಡೋದು? ಡಾರ್ಮಿಟರಿಗೆ ಹೋಗಬಹುದು, ಕೈಯಲ್ಲಿ ದುಡ್ಡಿದೆ. ಆದರೆ ಅಕ್ಕನಿಗೆ ಏನು ಹೇಳೋದು? ಒಂದು ರಾತ್ರಿ ಇದ್ದು ಎರಡನೇ ರಾತ್ರಿ ಲಾಡ್ಜಿಗೆ ಹೋದರೆ, ಖೋಲಿ ಸಣ್ಣದು ಅಂತ ತಮ್ಮ ಹೋದ ಅಂತಲೇ ಅವಳಿಗೆ ಅನಿಸುತ್ತದೆ. ಭಾವನಿಗೆ ನಾನು ನೋಡಿಬಿಟ್ಟೆ ಅಂತ ಗೊತ್ತಾಗುತ್ತದೆ. ಅವರು ಅಷ್ಟು ಕಷ್ಟಪಟ್ಟು ಕಟ್ಟಿದ ಮರ್ಯಾದೆಯನ್ನು ನಾನೇ ಕಿತ್ತುಹಾಕಿದ ಹಾಗೆ. ಹೀಗೆಲ್ಲ ಕಾರಣ ಹುಡುಕಿದೆ. ಈ ಕಾರಣಗಳು ಸುಳ್ಳಲ್ಲ. ಆದರೆ ಅವುಗಳ ಕೆಳಗೆ 700 ರೂಪಾಯಿಯೂ ಇತ್ತು. ಉಳಿಸುವ ಆಸೆ ಒಮ್ಮೆ ಹತ್ತಿದರೆ ಅದಕ್ಕೆ ಒಳ್ಳೆಯ ಕಾರಣಗಳು ಬೇಗ ಸಿಗುತ್ತವೆ. ಮೊದಲ ಸೊನ್ನೆ ನನಗೆ ಗೊತ್ತಿಲ್ಲದೆ ಬಿದ್ದದ್ದು. ಎರಡನೆಯದನ್ನು ಗೊತ್ತಿದ್ದೇ ಬರೆದೆ. ಅವತ್ತೂ ಅಲ್ಲೇ ಮಲಗಿದೆ. ಭಾವ ಅವತ್ತೂ ಸ್ವೆಟರ್ ಹಾಕಿಕೊಂಡು ಹೊರಟರು. "ಭಾವ, ನಾನು ಗ್ಯಾಲರಿಯಲ್ಲಿ ಮಲಗ್ತೀನಿ, ಒಳಗೆ ಸೆಕೆ" ಅಂತ ಒಂದು ಮಾತು ಹೇಳಿನೋಡಿದೆ. "ಏ, ಛೇ, ಮನೆಗೆ ಬಂದವರು" ಅಂತ ಬಾಗಿಲು ಎಳೆದುಕೊಂಡರು. ಇನ್ನೊಂದು ಸಲ ಹೇಳಬೇಕಿತ್ತು, ಹಟ ಮಾಡಬೇಕಿತ್ತು. ಮಾಡಲಿಲ್ಲ.

ಅದಕ್ಕೂ ಮುಂಚೆ, ಅದೇ ಸಂಜೆ, ಅಕ್ಕನನ್ನೂ ಮಗಳನ್ನೂ ಮರೀನ್ ಡ್ರೈವಿಗೆ ಕರೆದುಕೊಂಡು ಹೋಗಿದ್ದೆ. ಹನ್ನೆರಡು ವರ್ಷದಲ್ಲಿ ಅಕ್ಕ ಅಲ್ಲಿಗೆ ಬಂದದ್ದು ಮೂರೋ ನಾಲ್ಕೋ ಸಲವಂತೆ. ಊರಿಂದ ಯಾರಾದರೂ ಬಂದಾಗ ತೋರಿಸೋಕೆ. ನಾನು ಮೊದಲ ದಿನ ಕೂತಿದ್ದ ಜಾಗವನ್ನೇ ಹುಡುಕಿ ಕೂರಿಸಿದೆ. ಮಗಳು ಅಲೆ ಎಣಿಸತೊಡಗಿದಳು. ಇಷ್ಟು ಹತ್ತಿರ ಇದ್ದೂ ಯಾಕಕ್ಕ ಬರಲ್ಲ ನೀನು ಅಂದೆ. ಅವಳು ನಕ್ಕಳು. "ಸಮುದ್ರ ನಾ ದಿನಾ ನೋಡ್ತೀನಿ ತಮ್ಮಾ. ನಾ ಕೆಲಸ ಮಾಡೋ ಮನಿ ಇಪ್ಪತ್ತೆರಡನೇ ಮಾಳಿಗಿ. ಚಪಾತಿ ಲಟ್ಟಿಸೋ ಹೊತ್ತಿಗೆ ಕಿಟಕಿಯಾಗ ಪೂರಾ ಸಮುದ್ರ ಕಾಣ್ತೈತಿ. ಹಡಗು ಸೈತ ಕಾಣ್ತಾವು. ಆದ್ರ ಗಾಳಿ ಬರಂಗಿಲ್ಲ, ಗ್ಲಾಸು ತೆಗೆಯಂಗಿಲ್ಲ ಅದು." ಆಮೇಲೆ ಸೆರಗು ಸರಿಮಾಡಿಕೊಂಡು ಮುಖವನ್ನು ಗಾಳಿಗೆ ಒಡ್ಡಿ ಕೂತಳು. ಕೂದಲು ಹಾರಿ ಬಾಯಿಗೆ ಬರುತ್ತಿತ್ತು. ತೆಗೆಯಲಿಲ್ಲ.

ಮೊದಲ ದಿನ ಅದೇ ಕಟ್ಟೆಯ ಮೇಲೆ ಕೂತು, ಮೇಲಿನ ಕಿಟಕಿಗಳಲ್ಲಿ ಇರುವವರೂ ನಾನೂ ನೋಡೋದು ಒಂದೇ ಸಮುದ್ರ ಅಂತ ಅಂದುಕೊಂಡಿದ್ದೆ. ಅಂಥ ಕಿಟಕಿಯ ಒಳಗೆ ಒಲೆಯ ಮುಂದೆ ಅಕ್ಕ ನಿಂತಿರಬಹುದು ಅಂತ ಹೊಳೆದಿರಲಿಲ್ಲ.

ಭೇಲ್‌ಪುರಿ ತಿಂದೆವು. ನಾನು ಜೇಬಿಗೆ ಕೈ ಹಾಕುವಷ್ಟರಲ್ಲಿ ಅಕ್ಕ ದುಡ್ಡು ಕೊಟ್ಟಿದ್ದಳು. ಹಾಗಾಗಿ ಅದೂ ನನ್ನ ನೋಟ್‌ಬುಕ್ಕಿನಲ್ಲಿ ಇಲ್ಲ.

ಹೊರಡುವ ದಿನ

ನಾಲ್ಕನೇ ದಿನ ಮಾತುಂಗಕ್ಕೆ ಹೋಗಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಎಲೆ ಊಟ ಮಾಡಿದೆ. 1942ರಿಂದ ಇರುವ ಜಾಗ. ಒಬ್ಬನೇ ಹೋದೆ, ಅಕ್ಕ ಭಾವ ಕೆಲಸಕ್ಕೆ ಹೋಗಿದ್ದರು. ಸುತ್ತ ಕನ್ನಡ, ತುಳು, ಕೊಂಕಣಿ, ತಮಿಳು ಎಲ್ಲ ಕೇಳುತ್ತಿತ್ತು. ಸಾರು ಅನ್ನ ಬಡಿಸಿದವರು ಸಾಕು ಅಂದರೂ ಬಿಡಲಿಲ್ಲ. ನಾಲ್ಕು ದಿನದಲ್ಲಿ ಹೊಟ್ಟೆ ತುಂಬ ದುಡ್ಡು ಕೊಟ್ಟು ಉಂಡದ್ದು ಅದೊಂದೇ ಊಟ. ಕೊಟ್ಟು ತಿನ್ನುವುದರಲ್ಲಿ ಒಂದು ನಿರಾಳ ಇದೆ ಅಂತ ಅವತ್ತು ಅನಿಸಿತು.

ರಾತ್ರಿ ದಾದರ್ ಸ್ಟೇಷನ್ನಿಗೆ ಅಕ್ಕನೇ ಬಂದಳು. ಕೈಯಲ್ಲಿ ಬುತ್ತಿ. ರೈಲು ಬರುವ ಹೊತ್ತಿಗೆ ನನ್ನ ಕೈಗೆ ಏನೋ ಮಡಿಸಿ ತುರುಕಿದಳು. 500ರ ನೋಟು. ಬೇಡ ಅಕ್ಕ ಅಂದೆ. "ಮನಿಗೆ ಬಂದೋರನ್ನ ಬರೇ ಕೈಲೆ ಕಳಸ್ತಾರೇನು?" ಅಂದಳು. ನಮ್ಮಲ್ಲಿ ಇದು ರೂಢಿ, ನಿಮಗೂ ಗೊತ್ತು. ಹೊರಡುವವರ ಕೈಗೆ ಇಡಬೇಕು. ಆದರೆ ಕೊಡುವವರಾಗಿ ಹೋಗಬೇಕಿದ್ದವನು ನಾನು. ಹೋಗುವಾಗ ಆ ಮಗುವಿಗೆ ಒಂದು ಫ್ರಾಕು ತೆಗೆದುಕೊಂಡು ಹೋಗಿರಲಿಲ್ಲ. ಉಳಿಸುವ ಯೋಚನೆಯಲ್ಲಿ ಅದು ನೆನಪೇ ಆಗಿರಲಿಲ್ಲ. ಆ 500 ಅನ್ನು ಜಮಾ ಅಂತ ಬರೆದರೆ ಒಟ್ಟು ಖರ್ಚು 2,760 ಆಗುತ್ತದೆ. ಬರೆಯಲಿಲ್ಲ. ಖರ್ಚೂ ಮಾಡಿಲ್ಲ. ಆ ನೋಟು ಅದೇ ಪುಟದ ನಡುವೆ ಇದೆ.

ಗೆಳೆಯರು ಆ ಪುಟದ ಫೋಟೊ ಇಟ್ಟುಕೊಂಡು ಪ್ಲಾನ್ ಮಾಡುತ್ತಿದ್ದಾರೆ. ಅವರಲ್ಲಿ ಒಬ್ಬ, "ನಿನ್ನ ಅಕ್ಕನ ಮನೆ ನಂಬರ್ ಕೊಡು, ಒಂದು ರಾತ್ರಿ ಅಷ್ಟೇ" ಅಂತ ಕೇಳಿದ. ಕೊಡಲಿಲ್ಲ. ಅವನಿಗೆ ಬೇಜಾರಾಯಿತು. ಯಾಕೆ ಕೊಡಲಿಲ್ಲ ಅಂತ ಅವನಿಗೆ ಹೇಳೋಕೆ ಆಗಲಿಲ್ಲ, ಇಲ್ಲಿ ಬರೆದಿದ್ದೇನೆ.

ಬರುವ ಡಿಸೆಂಬರಿಗೆ ನಾನು ಮತ್ತೆ ಹೋಗುತ್ತಿದ್ದೇನೆ. ಟಿಕೆಟ್ ಆಗಿದೆ. ಈ ಸಲ ಮಂಡಕ್ಕಿ ನಾಲ್ಕು ಪೊಟ್ಟಣ, ಐದು ಕಿಲೋ ಜೋಳದ ಹಿಟ್ಟು, ಮಗುವಿಗೆ ಬಟ್ಟೆ. ಮೂರು ರಾತ್ರಿಗೂ ದಾದರ್ ಹತ್ತಿರ ಒಂದು ಡಾರ್ಮಿಟರಿಗೆ ಮುಂಗಡ ಕಳಿಸಿದ್ದೇನೆ. ನಿನ್ನೆ ಅಕ್ಕ ಫೋನ್ ಮಾಡಿದ್ದಳು. ಮಂಚಕ್ಕೆ ಹೊಸ ಗಾದಿ ಮಾಡಿಸಿದ್ದಾಳಂತೆ, ಹಳೆಯದರಲ್ಲಿ ನನಗೆ ಬೆನ್ನು ನೋವು ಬಂದಿರಬೇಕು ಅಂತ. ಡಾರ್ಮಿಟರಿಯ ವಿಷಯ ಅವಳಿಗೆ ಇನ್ನೂ ಹೇಳಿಲ್ಲ.